ಮೊದಲ ಪುಟ, ಮೂರನೇ ಪುಟ

ನಮ್ಮ ಓಟದ ಕ್ಲಬ್ಬಿನಲ್ಲಿ ನಿಜವಾಗಿ ಓಡುವವರು ಹತ್ತು ಹನ್ನೆರಡು ಮಂದಿ. ಉಳಿದವರೆಲ್ಲ ನನ್ನಂಥವರು. ಸಕ್ಕರೆ ಕಾಯಿಲೆಗೆ ಹೆದರಿ ಬೆಳಿಗ್ಗೆ ಎದ್ದು ಬಂದು, ಮೈದಾನಕ್ಕೆ ಎರಡು ಸುತ್ತು ಕುಂಟುತ್ತಾ ಓಡಿ, ಆಮೇಲೆ ಗೇಟಿನ ಪಕ್ಕದ ಅಂಗಡಿಯಲ್ಲಿ ಟೀಗೆ ಎರಡು ಚಮಚ ಸಕ್ಕರೆ ಹಾಕಿಸಿಕೊಳ್ಳುವವರು. ನಾನು ಮೂವತ್ತೊಂದು ವರ್ಷ ನರ್ಸ್ ಆಗಿದ್ದೆ, ಅದರಲ್ಲಿ ಹದಿನಾಲ್ಕು ವರ್ಷ ನರರೋಗದ ವಾರ್ಡಿನಲ್ಲಿ. ನಿವೃತ್ತಳಾದ ಮೇಲೂ ಎಲ್ಲರೂ ಸಿಸ್ಟರ್ ಅಂತಲೇ ಕರೆಯುತ್ತಾರೆ, ನನಗಿಂತ ಹತ್ತು ವರ್ಷ ದೊಡ್ಡವರೂ.

ಕ್ಲಬ್ಬು ಮಾಡುವ ಒಂದು ಒಳ್ಳೆಯ ಕೆಲಸವೆಂದರೆ ಸ್ಕಾಲರ್‌ಶಿಪ್. ಹೈಸ್ಕೂಲು ಮುಗಿಸುವ ಓಟಗಾರ ಮಕ್ಕಳಲ್ಲಿ ವರ್ಷಕ್ಕೆ ಇಬ್ಬರನ್ನು ಆರಿಸಿ, ಕಾಲೇಜಿನ ಫೀಸು, ಹಾಸ್ಟೆಲು ಎಲ್ಲವನ್ನೂ ಓದು ಮುಗಿಯುವವರೆಗೆ ನೋಡಿಕೊಳ್ಳುತ್ತದೆ. ಆರಿಸುವ ಸಮಿತಿಯಲ್ಲಿ ಮೂರೇ ಜನ: ಶೂ ಅಂಗಡಿ ನಡೆಸುವ ಅಧ್ಯಕ್ಷರು, ಒಬ್ಬ ಗಣಿತದ ಮೇಷ್ಟ್ರು, ಮತ್ತೆ ನಾನು. ಅರ್ಜಿಯ ನಮೂನೆ ತಯಾರಿಸಿದವಳು ನಾನೇ. ಮೊದಲ ಪುಟದಲ್ಲಿ ಹೆಸರು, ಶಾಲೆ, ತಂದೆತಾಯಿಯ ಕೆಲಸ. ಎರಡನೇ ಪುಟದಲ್ಲಿ ಅಂಕಗಳು, ಓಟದ ದಾಖಲೆ. ಮೂರನೇ ಪುಟದಲ್ಲಿ ಒಂದೇ ಪ್ರಶ್ನೆ: ನೀನು ಯಾಕೆ ಓಡುತ್ತೀ? ಹಿಂದಿನ ವರ್ಷಗಳಲ್ಲಿ ಮಕ್ಕಳೆಲ್ಲ ಒಬ್ಬರನ್ನು ನೋಡಿ ಒಬ್ಬರು "ದೇಶಕ್ಕೆ ಕೀರ್ತಿ ತರಲು" ಅಂತ ಬರೆದು ನಮಗೆ ಆಕಳಿಕೆ ತರಿಸಿದ್ದರು. ಅದಕ್ಕೇ ಒಂದು ವರ್ಷ ಪ್ರಶ್ನೆಯ ಕೆಳಗೆ ಒಂದು ಸಾಲು ಸೇರಿಸಿದ್ದೆ: "ಇಲ್ಲಿ ಬರೆದದ್ದು ಸಮಿತಿಯ ಮೂವರ ಕಣ್ಣಿಗೆ ಮಾತ್ರ. ಧೈರ್ಯವಾಗಿ ನಿಜ ಬರೆಯಿರಿ."

ಆ ವರ್ಷ ಅರ್ಜಿ ಹಾಕಿದವರಲ್ಲಿ ಕಡ್ಡಿಯೂ ಇದ್ದಳು. ಅವಳಿಗೆ ಆ ಹೆಸರಿಟ್ಟವರು ಅವಳ ಶಾಲೆಯವರೇ. ಗಾಳಿ ಬೀಸಿದರೆ ಹಾರಿಹೋಗುವಂಥ ಮೈ. ಆದರೆ ಮೂರು ಸಾವಿರ ಮೀಟರಿಗೆ ನಿಂತಳೆಂದರೆ ಕೊನೆಯ ಸುತ್ತಿನಲ್ಲಿ ಉಳಿದ ಹುಡುಗಿಯರು ಅವಳ ಬೆನ್ನು ನೋಡಬೇಕಷ್ಟೇ. ಬೆಳಿಗ್ಗೆ ಅಭ್ಯಾಸಕ್ಕೆ ನಮ್ಮ ಮೈದಾನಕ್ಕೇ ಬರುತ್ತಿದ್ದಳು. ನಾನು ಏದುಸಿರು ಬಿಡುವುದನ್ನು ಕಂಡರೆ ಪಕ್ಕಕ್ಕೆ ಬಂದು, "ಸಿಸ್ಟರ್, ಮೂಗಲ್ಲಿ ಉಸಿರು ತಗೊಳ್ಳಿ. ಮಾತಾಡ್ಬೇಡಿ. ನಿಮಗೆ ಅದೇ ಕಷ್ಟ, ಗೊತ್ತು," ಅಂತ ನಕ್ಕು ಮುಂದೆ ಹೋಗಿಬಿಡುತ್ತಿದ್ದಳು.

ಅರ್ಜಿಗಳನ್ನು ಓದಲು ನಾವು ಕೂತದ್ದು ಒಂದು ಗುರುವಾರ ಮಧ್ಯಾಹ್ನ, ಶೂ ಅಂಗಡಿಯ ಹಿಂದಿನ ಕೋಣೆಯಲ್ಲಿ, ಸುತ್ತಲೂ ರಟ್ಟಿನ ಡಬ್ಬಿಗಳ ನಡುವೆ. ಕಡ್ಡಿಯ ಮೂರನೇ ಪುಟವನ್ನು ಮೇಷ್ಟ್ರು ಗಟ್ಟಿಯಾಗಿ ಓದಿದರು.

"ನನಗೆ ಹನ್ನೊಂದು ವರ್ಷ ಆಗಿದ್ದಾಗ ಅಪ್ಪ ಅಡುಗೆಮನೆಯಲ್ಲಿ ಬಿದ್ದರು. ಕೈಕಾಲು ಸೆಟೆದುಕೊಂಡು ಅದುರುತ್ತಿತ್ತು. ಅಮ್ಮ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸದಲ್ಲಿದ್ದರು. ಮನೆಯಲ್ಲಿ ಫೋನು ಇರಲಿಲ್ಲ. ಚಪ್ಪಲಿ ಹಾಕದೆ ಓಡಿದೆ. ಅಮ್ಮನನ್ನು ಕರೆದುಕೊಂಡು ಬರುವಷ್ಟರಲ್ಲಿ ಅಪ್ಪ ಎದ್ದು ಕೂತಿದ್ದರು, ನನ್ನ ಹೆಸರು ಮಾತ್ರ ಮರೆತಿದ್ದರು. ಇನ್ನೂ ಬೇಗ ಓಡಬೇಕಿತ್ತು ಅನ್ನಿಸಿತು. ಮಾರನೇ ದಿನದಿಂದ ಓಡಲು ಶುರು ಮಾಡಿದೆ. ಆಮೇಲೆ ಅಪ್ಪನಿಗೆ ಎಷ್ಟೋ ಸಲ ಹಾಗಾಗಿದೆ. ಈ ವರ್ಷ ಮೂರು ಸಲ. ಇದನ್ನು ಯಾರಿಗೂ ಹೇಳಬಾರದು ಅಂತ ಮನೆಯಲ್ಲಿ ಹೇಳಿದ್ದಾರೆ. ನೀವು ಮೂವರೇ ಓದುತ್ತೀರಿ ಅಂತ ಬರೆದಿದ್ದೇನೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅಧ್ಯಕ್ಷರು, "ಇನ್ನು ಬೇರೆ ಅರ್ಜಿ ನೋಡೋದೇ ಬೇಡ. ಇವಳಿಗೇ ಮೊದಲನೇದು," ಅಂದರು.

ನಾನು ಆ ಹಾಳೆ ಇಸಿದುಕೊಂಡು ಮೊದಲ ಪುಟಕ್ಕೆ ತಿರುಗಿಸಿದೆ. ತಂದೆಯ ಕೆಲಸ ಅನ್ನುವ ಕಡೆ ದುಂಡಗೆ ಬರೆದಿದ್ದಳು: ಸ್ಕೂಲ್ ಬಸ್ ಡ್ರೈವರ್.

ಅವರಿಬ್ಬರಿಗೂ ಹೊಳೆದಿರಲಿಲ್ಲ. ನಾನೂ ಹೇಳಲಿಲ್ಲ. ಹೇಳುವುದಿದ್ದರೆ ಅವತ್ತೇ ಹೇಳಬೇಕಿತ್ತು. ತಲೆನೋವು ಅಂತ ನೆಪ ಹೇಳಿ ಎದ್ದು ಬಂದೆ.

ಮಾರನೇ ಬೆಳಿಗ್ಗೆ ಮೈದಾನದಲ್ಲಿ ಕಡ್ಡಿ ಸಿಕ್ಕಳು. ಓಟ ಮುಗಿಸಿ ಮೆಟ್ಟಿಲ ಮೇಲೆ ಕೂತು ಶೂ ಲೇಸು ಬಿಚ್ಚುತ್ತಿದ್ದಳು.

"ಅಪ್ಪ ಮಾತ್ರೆ ತಗೊಳ್ತಾರಾ ಮರಿ?" ಅಂತ ಕೇಳಿದೆ.

ಅವಳು ಸುತ್ತ ನೋಡಿದಳು. "ತಗೊಳ್ತಾರೆ ಸಿಸ್ಟರ್. ರಜಾ ದಿನ ಮಾತ್ರ. ಮಾತ್ರೆ ತಗೊಂಡ್ರೆ ತೂಕಡಿಕೆ ಬರುತ್ತಂತೆ. ಅದಕ್ಕೆ ಬಸ್ಸು ಓಡಿಸೋ ದಿನ..."

ಆರು ವರ್ಷ ಮನೆಯೊಳಗಿನ ಸಂಗತಿಯಾಗಿದ್ದದ್ದು ಆ ಕ್ಷಣದಲ್ಲಿ ಬೀದಿಗೆ ಬಂದು ನಿಂತದ್ದನ್ನು ನಾನು ಅವಳ ಮುಖದಲ್ಲಿ ನೋಡಿದೆ. ಬಿಚ್ಚಿದ ಲೇಸನ್ನು ಮತ್ತೆ ಕಟ್ಟತೊಡಗಿದಳು.

"ಆ ಹಾಳೆ ವಾಪಸ್ ಕೊಡಿ ಸಿಸ್ಟರ್. ನಾನು ಬೇರೆ ಬರೀತೀನಿ. ನನಗೆ ಸ್ಕಾಲರ್‌ಶಿಪ್ಪೇ ಬೇಡ."

"ಹಾಳೆ ಕೊಡಬಹುದು. ಓದಿದ್ದನ್ನ ಹೇಗೆ ವಾಪಸ್ ಕೊಡ್ಲಿ?"

"ಮೂವರಿಗೇ ಅಂತ ನೀವೇ ಬರೆದಿದ್ರಲ್ಲ."

ಲೇಸು ಬಿಗಿದು ಎದ್ದು ಹೋದಳು.

ಅವತ್ತು ಶುಕ್ರವಾರ. ಆ ದಿನವೂ ಬಸ್ಸು ಓಡಿತು. ಸಂಜೆ ನಾನು ಅವರ ಮನೆಗೆ ಹೋದೆ. ಮೂರನೇ ಮಹಡಿ, ಎರಡು ಕೋಣೆ. ಕಿಟಕಿಯ ಕೆಳಗೆ ಮಡಚಿಟ್ಟ ಬಿಳಿ ಬಟ್ಟೆಗಳ ರಾಶಿ. ತಾಯಿ ಮನೆಗೂ ಒಂದಷ್ಟು ಇಸ್ತ್ರಿಯ ಕೆಲಸ ತರುತ್ತಿದ್ದರು. ತಂದೆ ಎತ್ತರದ, ಅಚ್ಚುಕಟ್ಟಾದ ಮನುಷ್ಯ. ಯೂನಿಫಾರಂ ಅಂಗಿಯನ್ನು ಆಗಲೇ ತೊಳೆದು ಹ್ಯಾಂಗರಿಗೆ ಹಾಕಿದ್ದರು. ಮಗಳ ಕ್ಲಬ್ಬಿನವರು ಅಂತ ಎದ್ದು ನಿಂತು ಕುರ್ಚಿ ಕೊಟ್ಟರು. "ಓಟ ಎಲ್ಲಾ ಅವಳದೇ, ನನ್ನದೇನೂ ಇಲ್ಲ. ನಾನು ಕೂತೇ ಸಂಪಾದನೆ ಮಾಡೋನು," ಅಂತ ನಕ್ಕರು.

ನಾನು ಸುತ್ತಿ ಬಳಸಿ ಮಾತಾಡಲಿಲ್ಲ. ಕೇಳುತ್ತಾ ಕೇಳುತ್ತಾ ಅವರ ನಗು ಆರಿತು. ತಾಯಿ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿ ಗೋಡೆಗೆ ಒರಗಿ ನಿಂತರು.

"ಹತ್ತೊಂಬತ್ತು ವರ್ಷ," ಅಂದರು ತಂದೆ. "ಒಂದು ಗೀರು ಬಿದ್ದಿಲ್ಲ ಬಸ್ಸಿಗೆ. ಕೇಳಿ ಬೇಕಾದ್ರೆ. ನನಗೆ ಮುಂಚೇನೇ ಗೊತ್ತಾಗುತ್ತೆ ಸಿಸ್ಟರ್. ಬಾಯಲ್ಲಿ ಒಂಥರಾ ತುಕ್ಕಿನ ರುಚಿ ಬರುತ್ತೆ. ಪಕ್ಕಕ್ಕೆ ಹಾಕಿ ನಿಲ್ಲಿಸ್ತೀನಿ. ಎರಡು ಸಲ ನಿಲ್ಲಿಸಿದ್ದೀನಿ."

"ಮಕ್ಕಳು ಇದ್ದಾಗಲಾ?"

ಅವರು ಹ್ಯಾಂಗರಿನಲ್ಲಿದ್ದ ಅಂಗಿಯ ಕಾಲರು ನೇರ ಮಾಡಿದರು.

"ಪ್ರತೀ ಸಲ ರುಚಿ ಬರುತ್ತೆ ಅಂತ ಏನು ಗ್ಯಾರಂಟಿ?" ಅಂದೆ. "ವಾರ್ಡಲ್ಲಿ ನೋಡಿದ್ದೀನಿ ನಾನು. ಬರದೇ ಇರೋ ದಿನಾನೂ ಬರುತ್ತೆ."

"ಅಡುಗೆಮನೇಲಿ ಬಿದ್ದಾಗ ಬಂದಿರಲಿಲ್ಲ," ಅಂದರು ತಾಯಿ, ಮೆಲ್ಲಗೆ.

ಅವರು ಹೆಂಡತಿಯ ಕಡೆ ನೋಡಲಿಲ್ಲ. "ನಿಮಗೆ ಯಾರು ಹೇಳಿದ್ರು?" ಅಂತ ಕೇಳಿದರು. ಹೇಳುವ ಅಗತ್ಯ ಇರಲಿಲ್ಲ. ಒಳಕೋಣೆಯ ಬಾಗಿಲಲ್ಲಿ ಕಡ್ಡಿ ನಿಂತಿದ್ದಳು. ಅವರು ಅವಳನ್ನು ಒಂದು ಸಲ ನೋಡಿದರು, ಬೈಯಲಿಲ್ಲ. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು.

"ನಾಳೆ, ನಾಡಿದ್ದು ರಜೆ," ಅಂದೆ ನಾನು. "ಸೋಮವಾರ ಬಸ್ಸು ಹತ್ತೋ ಮೊದಲು ಶಾಲೆಗೆ ನೀವೇ ಹೇಳಿ. ನೀವೇ ಹೇಳಿದ್ರೆ ಬೇರೆ ಏನಾದ್ರೂ ಕೆಲಸ ಕೊಟ್ಟಾರು. ಹೇಳದೇ ಇದ್ರೆ ನಾನು ಹೇಳಬೇಕಾಗುತ್ತೆ."

ಅವರು ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. ಮೆಟ್ಟಿಲ ದೀಪ ಕೆಟ್ಟಿದೆ, ನೋಡಿಕೊಂಡು ಇಳಿಯಿರಿ ಅಂದರು.

ಸೋಮವಾರ ಬೆಳಿಗ್ಗೆ ಮೈದಾನಕ್ಕೆ ಹೋಗಲಿಲ್ಲ. ಶೂ ಅಂಗಡಿಯ ಎದುರು ಮಕ್ಕಳು ಬಸ್ಸು ಹತ್ತುವ ಜಾಗದಲ್ಲಿ ಹೋಗಿ ನಿಂತೆ. ಬೇರೆ ಯಾರಾದರೂ ಓಡಿಸಿಕೊಂಡು ಬರಲಿ ಅಂತ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಹೊತ್ತಿಗೆ ಸರಿಯಾಗಿ ಬಸ್ಸು ಬಂತು. ಅವರೇ ಇದ್ದರು. ಐದು ಮಕ್ಕಳು ಹತ್ತಿದವು. ಕೊನೆಯ ಮಗುವಿನ ಚೀಲ ಬಾಗಿಲಿಗೆ ಸಿಕ್ಕಿಕೊಂಡಿತು. ಅವರು ಎದ್ದು ಬಂದು ಬಿಡಿಸಿ, ಮಗುವನ್ನು ಸೀಟಿಗೆ ಕೂರಿಸಿ, ಮತ್ತೆ ಹೋಗಿ ಕೂತರು. ಕನ್ನಡಿಯಲ್ಲಿ ನನ್ನನ್ನು ನೋಡಿದರು. ಬಸ್ಸು ಹೊರಟಿತು.

ಅಲ್ಲೇ ನಿಂತು ಶಾಲೆಗೆ ಫೋನು ಮಾಡಿದೆ. ನನ್ನ ದನಿ ನನಗೇ ವಾರ್ಡಿನ ದನಿಯ ಹಾಗೆ ಕೇಳಿಸಿತು: ರೋಗಿಯ ಹೆಸರು, ಎಷ್ಟು ವರ್ಷದಿಂದ, ಈ ವರ್ಷ ಎಷ್ಟು ಸಲ. ಬಸ್ಸು ಶಾಲೆ ಮುಟ್ಟುವಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಗೇಟಿನಲ್ಲಿ ಕಾಯುತ್ತಿದ್ದರಂತೆ. ಮಕ್ಕಳೆಲ್ಲ ಇಳಿದ ಮೇಲೆ ಬೀಗದಕೈ ಇಸಿದುಕೊಂಡರಂತೆ. ತಿಂಗಳೊಳಗೆ ಲೈಸೆನ್ಸೂ ಹೋಯಿತು. ರೋಗ ಮುಚ್ಚಿಟ್ಟು ಮಕ್ಕಳ ಬಸ್ಸು ಓಡಿಸಿದವನು ಅಂತ ಸುದ್ದಿಯಾದ ಮೇಲೆ ಶಾಲೆಯವರು ಬೇರೆ ಕೆಲಸದ ಮಾತೇ ಎತ್ತಲಿಲ್ಲ. ಬಸ್ಸಿನ ಮಕ್ಕಳ ತಾಯಂದಿರು ಅವರ ಮನೆಯ ಕೆಳಗೆ ಬಂದು ಕೂಗಾಡಿ ಹೋದರು. ಅವರ ಸಿಟ್ಟು ತಪ್ಪು ಅಂತ ನಾನು ಹೇಳಲಾರೆ.

ಸ್ಕಾಲರ್‌ಶಿಪ್ ಕಡ್ಡಿಗೇ ಬಂತು. ಕೊಡುವ ಸಮಾರಂಭದಲ್ಲಿ ಆ ಮೂರನೇ ಪುಟವನ್ನು ವೇದಿಕೆಯಲ್ಲಿ ಓದಿಸಬೇಕು, ಎಲ್ಲರ ಕಣ್ಣಲ್ಲೂ ನೀರು ಬರುತ್ತೆ ಅಂತ ಅಧ್ಯಕ್ಷರಿಗೆ ಆಸೆ. "ಓದಿದ್ರೆ ನಾನು ಈ ಕ್ಲಬ್ಬಲ್ಲಿ ಇರೋದಿಲ್ಲ," ಅಂದೆ. ಅವರು ಬಾಯಿ ಮುಚ್ಚಿಕೊಂಡರು. ಕಡ್ಡಿ ತಾಯಿಯ ಜೊತೆ ಬಂದಿದ್ದಳು. ಪ್ರಮಾಣಪತ್ರ ಕೊಡುವಾಗ ನನ್ನ ಕೈಯನ್ನು ಮುಟ್ಟದಂತೆ ಅಂಚು ಹಿಡಿದು ತೆಗೆದುಕೊಂಡಳು. ಆಮೇಲೆ ಊಟದ ಸಾಲಿನಲ್ಲಿ ಹತ್ತಿರ ಬಂದು ಕೇಳಿದಳು, "ಸಿಸ್ಟರ್, ನಾನು ಬರೆದಿದ್ದು ಚೆನ್ನಾಗಿತ್ತಾ? ಅದಕ್ಕೇ ಕೊಟ್ರಾ, ಇಲ್ಲಾ ಅಪ್ಪನ ಕೆಲಸ ಹೋಯ್ತು ಅಂತ ಕೊಟ್ರಾ?"

"ನೀನು ಓಡೋದಕ್ಕೆ ಕೊಟ್ವಿ," ಅಂದೆ. ಅವಳು ನಂಬಲಿಲ್ಲ.

ತಂದೆ ಮಾರುಕಟ್ಟೆಯ ಉಗ್ರಾಣವೊಂದರಲ್ಲಿ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದರು. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳತೊಡಗಿದರು. ಈಗ ತೂಕಡಿಸಿದರೂ ಯಾರಿಗೂ ನಷ್ಟ ಇರಲಿಲ್ಲ. ಫಿಟ್ಸ್ ನಿಂತೇ ಹೋಯಿತು. ಇದನ್ನೆಲ್ಲ ಹೇಳಿದ್ದು ತಾಯಿ, ಹೋಟೆಲಿನ ಹಿಂಬಾಗಿಲಲ್ಲಿ ಸಿಕ್ಕಾಗ. "ಎಲ್ಲರ ಹತ್ರ ಮಾತಾಡ್ತಾರೆ ಸಿಸ್ಟರ್. ಅವಳ ಹತ್ರ ಮಾತ್ರ ಇಲ್ಲ. ಹಾಸ್ಟೆಲ್‌ನಿಂದ ಬರ್ತಾಳೆ, ಎದುರಿಗೆ ಕೂತು ಉಣ್ತಾಳೆ. ಉಪ್ಪು ಬೇಕಾದ್ರೂ ನನ್ನನ್ನೇ ಕೇಳ್ತಾರೆ."

ಎರಡನೇ ವರ್ಷ ಕಡ್ಡಿ ಓಟ ಬಿಟ್ಟಳು. ಕಾಲೇಜಿನ ತಂಡದಲ್ಲಿ ಇದ್ದರೆ ಮಾತ್ರ ಸ್ಕಾಲರ್‌ಶಿಪ್ ಮುಂದುವರಿಯುತ್ತದೆ ಅಂತ ಆಗ ನಮ್ಮ ನಿಯಮ. ಕಾರಣ ಕೇಳಲು ಹಾಸ್ಟೆಲಿಗೆ ಹೋದೆ. ಮೈ ಸ್ವಲ್ಪ ತುಂಬಿಕೊಂಡಿದ್ದಳು. ಆ ಹೆಸರು ಇನ್ನು ಅವಳಿಗೆ ಒಪ್ಪುತ್ತಿರಲಿಲ್ಲ. ಕಾಲು ನೋವಾ ಅಂದೆ. ಅಲ್ಲ ಅಂದಳು.

"ಮೊದಲು ಓಡುವಾಗ ಮನೇಲಿ ಯಾರೋ ನನಗೋಸ್ಕರ ಕಾಯ್ತಿದ್ದಾರೆ ಅನ್ಸೋದು. ಈಗ ಯಾರೂ ಕಾಯ್ತಿಲ್ಲ. ಕಾಲು ಏಳೋದೇ ಇಲ್ಲ ಸಿಸ್ಟರ್."

ಸಮಿತಿಯಲ್ಲಿ ಒಂದು ಗಂಟೆ ಜಗಳವಾಯಿತು. ಓಡದವರಿಗೆ ಓಟದ ಕ್ಲಬ್ಬು ಯಾಕೆ ಓದಿಸಬೇಕು ಅಂತ ಅಧ್ಯಕ್ಷರ ಪಟ್ಟು. ಮೇಷ್ಟ್ರು ನನ್ನ ಕಡೆ ಬಂದರು, ನಿಯಮ ತೆಗೆದುಹಾಕಿದೆವು. ಅವಳು ಓದು ಮುಗಿಸಿದಳು, ಸಾಧಾರಣ ಅಂಕ ಬಂತು, ದೂರದ ಒಂದು ಊರಿನಲ್ಲಿ ಪ್ರಯೋಗಾಲಯದ ಕೆಲಸ ಹಿಡಿದಳು. ಕ್ಲಬ್ಬಿಗೆ ಧನ್ಯವಾದದ ಪತ್ರ ಬಂತು. ನಾಲ್ಕೇ ಸಾಲು, ಅಧ್ಯಕ್ಷರ ಹೆಸರಿಗೆ.

ಹೋದ ತಿಂಗಳು ಸಕ್ಕರೆ ಪರೀಕ್ಷೆಗೆ ಹಳೆಯ ಆಸ್ಪತ್ರೆಗೆ ಹೋಗಿದ್ದೆ. ಹೊರರೋಗಿಗಳ ಸಾಲಿನಲ್ಲಿ ಅವಳ ತಂದೆ ಕೂತಿದ್ದರು. ದಪ್ಪಗಾಗಿದ್ದರು, ಕಣ್ಣಿನ ರೆಪ್ಪೆ ಭಾರವಾಗಿತ್ತು. ನನ್ನನ್ನು ಗುರುತು ಹಿಡಿದರು. ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ನಾನು ಒಂದು ಕುರ್ಚಿ ಬಿಟ್ಟು ಕೂತೆ.

ಅವರೇ ಮಾತು ತೆಗೆದರು. "ಆ ಸೋಮವಾರ ನಾನೇ ಹೇಳೋನಿದ್ದೆ ಸಿಸ್ಟರ್. ಬೆಳಗಿನ ಟ್ರಿಪ್ಪು ಒಂದು ಮುಗಿಸಿ, ಮಕ್ಕಳನ್ನೆಲ್ಲ ಇಳಿಸಿ, ಆಮೇಲೆ ಹೇಳೋನಿದ್ದೆ. ಹತ್ತೊಂಬತ್ತು ವರ್ಷದ ಅಭ್ಯಾಸ ನೋಡಿ. ಹೇಳದೆ ಕೇಳದೆ ನಿಲ್ಲಿಸಿಬಿಟ್ರೆ ಮಕ್ಕಳು ಕಾಯ್ತಾ ನಿಂತಿರ್ತಾವಲ್ಲ ಅಂತ."

ನಿಜವೋ, ಇಷ್ಟು ವರ್ಷ ತಮಗೆ ತಾವೇ ಹೇಳಿಕೊಂಡು ನಿಜ ಮಾಡಿಕೊಂಡದ್ದೋ, ನನಗೆ ತಿಳಿಯಲಿಲ್ಲ.

"ಮಗಳಿಗೆ ಇದನ್ನ ಹೇಳಿದ್ದೀರಾ?" ಅಂತ ಕೇಳಿದೆ.

ಅವರು ಕೈಯಲ್ಲಿದ್ದ ಚೀಟಿಯನ್ನು ಮಡಚಿದರು, ಬಿಡಿಸಿದರು. ಕೌಂಟರಿನಲ್ಲಿ ನಂಬರು ಕೂಗಿದರು. ಅವರದೇ. ಗೋಡೆ ಹಿಡಿದುಕೊಂಡು ಎದ್ದು, ಮಾತ್ರೆ ತೆಗೆದುಕೊಳ್ಳಲು ಹೋದರು.