ಅಂಟದ ಕಾಯಿಲೆ

ಕಟಿಂಗ್ ಶಾಪಿನವನು ಕೈಗವಸು ಹಾಕಿಕೊಂಡು ಕತ್ತರಿ ಹಿಡಿದ ದಿನ ಗಿರಾಕಿಗಳು, ‘ಏನಪ್ಪಾ, ಆಪರೇಷನ್ ಮಾಡ್ತೀಯಾ?’ ಎಂದು ಕಾಲೆಳೆದಿದ್ದರು. ಅವನು ಹಲ್ಲುಕಿರಿದು ಕತ್ತರಿ ಆಡಿಸಿದ್ದ. ಮೊಣಕೈಯಿಂದ ಮುಂಗೈವರೆಗೆ ದಪ್ಪನೆಯ ಕೆಂಪು ಮಚ್ಚೆ, ಅದರ ಮೇಲಿಂದ ಬೆಳ್ಳಗೆ ಉದುರುವ ಹೊಟ್ಟು. ತುಂಬುತೋಳಿನ ಅಂಗಿಯೊಳಗೆ ಅದು ಯಾವ ಗಿರಾಕಿಯ ಕಣ್ಣಿಗೂ ಬಿದ್ದಿರಲಿಲ್ಲ.

ಔಷಧಿ ಅಂಗಡಿಯವನು ನೋಡಿದ್ದೇ ತಡ, ಹುಳುಕಡ್ಡಿ ಎಂದು ಮುಲಾಮು ಕೊಟ್ಟಿದ್ದ. ಈ ಮಹಾರಾಯ ಮೂರು ವರ್ಷ ಅದನ್ನೇ ಬಳಿದುಕೊಂಡ. ಮನೆಯಲ್ಲಿ ತಟ್ಟೆ, ಟವೆಲ್ಲು, ಹಾಸಿಗೆ ಎಲ್ಲ ಬೇರೆ. ಮಗಳು ಹತ್ತಿರ ಬಂದರೆ ‘ಮುಟ್ಬೇಡ, ಅಂಟುತ್ತೆ’ ಎನ್ನುವುದು. ಆಗ ಅವಳಿಗೆ ನಾಲ್ಕು ವರ್ಷ. ಮೊದಮೊದಲು ಅತ್ತಳು, ಆಮೇಲೆ ಕಲಿತಳು. ಇವನಿಗೂ ಮೊದಮೊದಲು ಸಂಕಟವಾಗುತ್ತಿತ್ತು, ಆಮೇಲೆ ಅದೂ ನಿಂತುಹೋಯಿತು.

ಹೆಂಡತಿಯ ಕಾಟ ತಡೆಯಲಾರದೆ ಕೊನೆಗೆ ಚರ್ಮದ ಡಾಕ್ಟರಮ್ಮನ ಬಳಿ ಹೋದ. ಅವರು ಬರಿಗೈಯಲ್ಲೇ ತೋಳು ಹಿಡಿದಾಗ ಗಕ್ಕನೆ ಹಿಂದಕ್ಕೆಳೆದುಕೊಂಡ.

‘ಕೊಡ್ರೀ ಇಲ್ಲಿ’ ಎಂದು ಗದರಿದರು. ಕಿವಿಯ ಹಿಂದೆ ಕೂದಲು ಸರಿಸಿದರು. ಉಗುರುಗಳ ಮೇಲಿನ ಸಣ್ಣ ಸಣ್ಣ ಗುಳಿಗಳನ್ನು ಬೆಳಕಿಗೆ ಹಿಡಿದು ನೋಡಿದರು. ಸ್ವಲ್ಪ ಹೊಟ್ಟು ಕೆರೆದು ಪರೀಕ್ಷೆ ಮಾಡಿಸಿದರು.

‘ಹುಳುಕಡ್ಡಿ ಅಲ್ಲ, ಸೋರಿಯಾಸಿಸ್. ಹೋಗಿ ಬಂದು ಮಾಡುತ್ತೆ, ಆದ್ರೆ ಹತೋಟಿಲಿಡಬಹುದು. ಈ ಮುಲಾಮು ನಾನು ಹೇಳಿದಷ್ಟು ದಿನ ಮಾತ್ರ. ಸ್ನಾನ ಆದ ತಕ್ಷಣ ಜಿಡ್ಡಿನ ಕ್ರೀಮು ಹಚ್ಚಿ. ಉಜ್ಜಿ ಉಜ್ಜಿ ಕೀಳ್ಬೇಡಿ.’

‘ಅಂಟುತ್ತಾ ಮೇಡಂ?’

‘ಯಾರಿಗೂ ಅಂಟಲ್ಲ. ಒಂದೇ ತಟ್ಟೇಲಿ ಉಂಡ್ರೂ ಅಂಟಲ್ಲ.’

ಹಿಗ್ಗಬೇಕಿತ್ತು, ಹಿಗ್ಗಲಿಲ್ಲ. ಆ ಔಷಧಿ ಅಂಗಡಿಯವನ ಮೇಲೆ ಸಿಟ್ಟಾದರೂ ಬರಬೇಡವೇ? ಅದೂ ಇಲ್ಲ. ಚೀಟಿ ಮಡಚಿ ಜೇಬಿಗಿಟ್ಟು ಬಸ್ಸು ಹತ್ತಿದ.

ಮನೆಯಲ್ಲಿ ಮಗಳು ನೆಲದ ಮೇಲೆ ಕೂತು ಪಾಠ ಬರೆಯುತ್ತಿದ್ದಳು. ಪಕ್ಕದಲ್ಲಿ ಕೂತು ಎರಡೂ ಕೈ ಚಾಚಿದ. ಅವಳು ತಲೆಯೆತ್ತದೆಯೇ ಅಭ್ಯಾಸಬಲದಿಂದ ಆಚೆ ಸರಿದಳು.

‘ಬಾ ಪುಟ್ಟಿ. ಇದು ಅಂಟಲ್ವಂತೆ.’

‘ಯಾವತ್ತಿಂದ?’

‘ಮೊದ್ಲಿಂದಾನೂ.’

ಮಗಳು ಪೆನ್ಸಿಲ್ ಕೆಳಗಿಟ್ಟು ಅವನನ್ನೇ ನೋಡಿದಳು. ‘ಹಾಗಾದ್ರೆ ನಂಗೆ ಜ್ವರ ಬಂದಾಗ ಎತ್ಕೋ ಎತ್ಕೋ ಅಂತ ಅತ್ತೆನಲ್ಲ, ಆಗ್ಲೂ ಎತ್ಕೋಬಹುದಿತ್ತಾ?’

‘ಹ್ಞೂಂ.’

ಅವಳು ಪೆನ್ಸಿಲ್ ಎತ್ತಿಕೊಂಡು ಮತ್ತೆ ಬರೆಯತೊಡಗಿದಳು. ಅವನಿಗೆ ಆಗ ಅಳು ಬಂತು.