ವಾಸನೆಯಿಲ್ಲದ ಎಲೆ

ಸೊಲ್‌ಗೋಲ್ ಕಣಿವೆಯ ಇಳಿಜಾರಿನಲ್ಲಿ ಕಾಡುಹೂಗಳು ಗುಲಾಬಿ ಬಣ್ಣದಲ್ಲಿ ಅರಳಿ ನಿಂತವೆಂದರೆ ಊರಿಗೆ ಬಸ್ಸುಗಳು ಬರತೊಡಗಿದವು ಎಂದೇ ಅರ್ಥ. ಬಂದವರು ಮೊದಲು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರು, ಆಮೇಲೆ ತೂಗುಸೇತುವೆ ದಾಟಿ ಆಚೆ ಬದಿಯ ಜಲಪಾತ ನೋಡಲು ಹೋಗುತ್ತಿದ್ದರು. ಊಟಕ್ಕೆ ಎಲ್ಲರೂ ಹುಡುಕಿಕೊಂಡು ಬರುತ್ತಿದ್ದುದು ಬುನಿ ಅಜ್ಜಿಯ ಮನೆಯನ್ನು. ಅಡುಗೆ ಮಾಡುವವಳು, ಬಡಿಸುವವಳು, ಪಾತ್ರೆ ತೊಳೆಯುವವಳು ಸೊಸೆ ಇನ್‌ಸುಕ್. ಆದರೆ ಜನ ಬರುತ್ತಿದ್ದುದು ಅಜ್ಜಿ ತನ್ನ ಕೈಯಾರೆ ಗುಡ್ಡದಿಂದ ಕಿತ್ತು ತರುವ ಸೊಪ್ಪಿಗೆ. ಅದರಲ್ಲೂ ಮ್ಯಂಗಿಗೆ. ಬೆಳ್ಳುಳ್ಳಿಯ ಘಾಟಿರುವ ಆ ಕಾಡುಸೊಪ್ಪಿನ ಹಸಿ ಎಲೆಯಲ್ಲಿ ಸುಟ್ಟ ಹಂದಿಮಾಂಸ, ಒಂದಿಷ್ಟು ಅನ್ನ, ಹುದುಗಿಸಿದ ಸೋಯಾಕಾಳಿನ ಚಟ್ನಿ ಇಟ್ಟು ಮಡಚಿ ಬಾಯಿಗೆ ತುರುಕಿಕೊಂಡವನು ಮುಂದಿನ ವರ್ಷ ನೆಂಟರನ್ನೂ ಕಟ್ಟಿಕೊಂಡು ಬರುತ್ತಿದ್ದ.

ಆ ವಸಂತದಲ್ಲಿ ಒಂದು ಬೆಳಿಗ್ಗೆ ಇನ್‌ಸುಕ್ ಹಿತ್ತಲಲ್ಲಿ ಮೂಲಂಗಿ ತೊಳೆಯುತ್ತಿದ್ದಾಗ ಸೀದ ವಾಸನೆ ಬಂತು. ಕೈ ಒರೆಸಿಕೊಂಡು ಒಳಗೆ ಓಡಿದಳು. ಒಲೆಯ ಮೇಲಿನ ಸಾರು ಬತ್ತಿ, ತಳ ಹಿಡಿದು, ಅಡುಗೆಮನೆ ತುಂಬ ಕಪ್ಪು ಹೊಗೆ ಕವಿದಿತ್ತು. ಅದೇ ಒಲೆಯ ಪಕ್ಕದಲ್ಲಿ, ಕೈಯಳತೆಯ ದೂರದಲ್ಲಿ, ಅತ್ತೆ ಬೆನ್ನು ತಿರುಗಿಸಿ ಕೂತು ನಿರಾಳವಾಗಿ ಸೊಪ್ಪಿನ ದಂಟು ಮುರಿಯುತ್ತಿದ್ದಳು.

"ಅತ್ತೆ, ಸಾರು ಸೀದು ಹೋಗಿದೆ. ಗೊತ್ತಾಗ್ಲಿಲ್ವಾ?"

"ಏನು ಸೀಯೋದು? ನಿನ್ನ ಮೂಗೇ ಸೀದಿರ್ಬೇಕು ನೋಡ್ಕೋ" ಎಂದಳು ಮುದುಕಿ, ತಿರುಗಿ ನೋಡದೆ.

ಇನ್‌ಸುಕ್ ಪಾತ್ರೆ ಇಳಿಸಿ ಕಿಟಕಿ ತೆರೆದಳು. ಅತ್ತೆಯ ಮುಂದಿದ್ದ ಬುಟ್ಟಿಯ ಮೇಲೆ ಕಣ್ಣು ಬಿದ್ದಾಗ ಅವಳ ಕೈ ಅಲ್ಲೇ ನಿಂತಿತು. ನುಣುಪಾದ ಮ್ಯಂಗಿ ಎಲೆಗಳ ನಡುವೆ ನೆರಿಗೆ ಹಿಡಿದ ಲಂಗದಂತೆ ಗೆರೆಗೆರೆಯಾದ ಒಂದು ಎಲೆ. ತೆಗೆದು ಹೊಸಕಿ ಮೂಸಿದಳು. ಹುಲ್ಲಿನ ವಾಸನೆ, ಅಷ್ಟೇ. ಬೆಳ್ಳುಳ್ಳಿಯ ಸುಳಿವೇ ಇಲ್ಲ. ಅದು ಬಾಕ್‌ಸೆ. ಮ್ಯಂಗಿ ಬೆಳೆಯುವ ತೇವದಲ್ಲೇ, ಅದರ ಬುಡಕ್ಕೆ ಬುಡ ತಾಗಿಸಿಕೊಂಡು ಬೆಳೆಯುವ ವಿಷದ ಗಿಡ. ತಿಂದವರ ಹೊಟ್ಟೆ ಬುಡಮೇಲಾಗುತ್ತದೆ, ತಲೆ ತಿರುಗುತ್ತದೆ, ಎದೆಬಡಿತ ಇಳಿಯುತ್ತ ಇಳಿಯುತ್ತ ಹೋಗುತ್ತದೆ. ಅವಳು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಇದನ್ನು ಕಲಿಸಿಕೊಟ್ಟವಳು ಅತ್ತೆಯೇ. "ಕಣ್ಣನ್ನ ನಂಬ್ಬೇಡ ಕಣೇ. ಹೊಸಕಿ ಮೂಸಿ ನೋಡು. ಮೂಗು ಸುಳ್ಳು ಹೇಳಲ್ಲ" ಎಂದು ಹೇಳಿ ಅವಳ ಮೂಗಿಗೇ ಎಲೆ ತಿಕ್ಕಿದ್ದಳು.

ಈಗಲೂ ಮುದುಕಿ ಒಂದೊಂದು ಎಲೆಯನ್ನೂ ಬೆರಳಲ್ಲಿ ಹೊಸಕಿ, ಮೂಗಿನ ಹತ್ತಿರ ಹಿಡಿದು, ತಲೆಯಾಡಿಸಿ ಬುಟ್ಟಿಗೆ ಹಾಕುತ್ತಿದ್ದಳು. ಅಭ್ಯಾಸ ತಪ್ಪಿರಲಿಲ್ಲ. ಮೂಗಷ್ಟೇ ಸತ್ತುಹೋಗಿತ್ತು.

ಅವತ್ತು ಊಟಕ್ಕೆ ಬಂದ ಗಂಡನ ಮುಂದೆ ಇನ್‌ಸುಕ್ ಆ ಎಲೆ ಇಟ್ಟಳು. ಚುನ್‌ಸಿಕ್‌ಗೆ ತೂಗುಸೇತುವೆಯ ಕಾವಲಿನ ಕೆಲಸ. ಅವನು ಎಲೆಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದ.

"ಒಂದೇ ತಾನೇ?"

"ಒಂದು ಸಿಕ್ಕಿದ್ದು. ಸಿಗದೇ ಇರೋದು ಎಷ್ಟೋ. ರೀ, ಅತ್ತೇನ ಇನ್ನು ಗುಡ್ಡಕ್ಕೆ ಕಳಿಸೋದು ಬೇಡ."

"ಗುಡ್ಡಕ್ಕೆ ಹೋಗ್ಬೇಡ ಅಂದ್ರೆ ಅಮ್ಮ ಹಾಸಿಗೆ ಹಿಡೀತಾಳೆ. ಮುಂದಿನ ವಾರ ಹೂವಿನ ಹಬ್ಬ, ಟೀವಿಯೋರು ಬರ್ತೀವಿ ಅಂದಿದಾರೆ. ಹಬ್ಬ ಒಂದು ಮುಗೀಲಿ. ಅಲ್ಲೀತನಕ ನೀನೇ ಒಂದ್ಸಲ ಬುಟ್ಟಿ ನೋಡ್ಬಿಡು."

ಇನ್‌ಸುಕ್ ಒಪ್ಪಿದಳು. ಒಪ್ಪಬಾರದಿತ್ತೆಂದು ಆಗಲೇ ಅನ್ನಿಸಿತ್ತು, ಆದರೂ ಒಪ್ಪಿದಳು. ಅಂದಿನಿಂದ ಅತ್ತೆ ಬುಟ್ಟಿ ಇಳಿಸಿ ಕಾಲು ತೊಳೆಯಲು ಹೋದ ತಕ್ಷಣ ಇವಳು ಕಳ್ಳಿಯಂತೆ ಕೂತು ಸೊಪ್ಪೆಲ್ಲ ಹರಡಿ ಮೂಸುವಳು. ಬೇಡದ್ದು ಸಿಕ್ಕರೆ ಒಲೆಗೆ ಹಾಕುವಳು. ದಿನ ಕಳೆದಂತೆ ಒಲೆಗೆ ಹೋಗುವ ಎಲೆಗಳು ಹೆಚ್ಚುತ್ತಾ ಬಂದವು. ಕನಸಿನಲ್ಲೂ ಅವಳು ಎಲೆ ಹೊಸಕುತ್ತಿದ್ದಳು, ಯಾವುದರಲ್ಲೂ ವಾಸನೆ ಇರುತ್ತಿರಲಿಲ್ಲ.

ಹಬ್ಬದ ದಿನ ಬಿಸಿಲು ಚೆನ್ನಾಗಿ ಬಿದ್ದಿತ್ತು. ಬುಸಾನ್ ನಗರದ ಕಡೆಯಿಂದ ಚಾರಣದ ಕೂಟವೊಂದು ಬಂದಿಳಿಯಿತು. ಎಲ್ಲರೂ ನಿವೃತ್ತರಾದವರು, ಬಣ್ಣಬಣ್ಣದ ಅಂಗಿಯವರು. ಅವರ ಮುಂದಾಳು ತಾಕ್ ಎಂಬ ದಪ್ಪ ಮನುಷ್ಯ ಬಾಗಿಲಲ್ಲೇ ಅಜ್ಜಿಯ ಎರಡೂ ಕೈ ಹಿಡಿದು, "ಅಜ್ಜಿ, ನಿಮ್ಮ ಕೈಸೊಪ್ಪು ತಿನ್ನೋಕೆ ಬೆಳಿಗ್ಗೆಯಿಂದ ಉಪವಾಸ ಇದೀನಿ" ಎಂದ.

"ಈ ಹೊಟ್ಟೆ ನೋಡಿದ್ರೆ ಹಾಗನ್ನಿಸಲ್ವಲ್ಲಪ್ಪ" ಎಂದಳು ಅಜ್ಜಿ. ಎಲ್ಲರೂ ನಕ್ಕರು.

ಬೆಳಗಿನ ಬುಟ್ಟಿಯನ್ನು ಇನ್‌ಸುಕ್ ಎರಡು ಸಲ ನೋಡಿದ್ದಳು. ಆ ಧೈರ್ಯದಲ್ಲಿಯೇ ಅವಳು ಬಡಿಸುವುದನ್ನು ಅತ್ತೆಗೆ ಬಿಟ್ಟು ಇನ್ನಷ್ಟು ಮಾಂಸ ತರಲು ಹೊರಟದ್ದು. ಬಸ್ಸುಗಳ ಸಾಲು ದಾರಿ ಕಟ್ಟಿದ್ದರಿಂದ ಮಾಂಸದ ಗಾಡಿ ಊರ ಬಾಗಿಲಲ್ಲೇ ನಿಂತುಬಿಟ್ಟಿತ್ತು. ಅವಳು ತಳ್ಳುಗಾಡಿ ಎಳೆದುಕೊಂಡು ಹೋಗಿ, ಜನರ ನಡುವೆ ದಾರಿ ಬಿಡಿಸಿಕೊಂಡು ವಾಪಸು ಬರುವಷ್ಟರಲ್ಲಿ ಮೊದಲ ಪಂಕ್ತಿ ಎದ್ದುಹೋಗಿತ್ತು. ಎರಡನೆಯ ಪಂಕ್ತಿ ಕೂರುತ್ತಿತ್ತು.

"ಹಂದಿ ತರೋಕೆ ಹೋದೋಳು ಹಂದಿ ಸಾಕೋಕೇ ಹೋದ್ಯೇನೋ ಅಂದ್ಕೊಂಡೆ" ಎಂದಳು ಅತ್ತೆ. ಅವಳು ಸೊಂಟಕ್ಕೆ ಕಟ್ಟಿದ್ದ ಬಟ್ಟೆಯ ತುಂಬ ಹಸಿರು ಕಲೆಗಳಿದ್ದವು, ಮೊಣಕಾಲಿಗೆ ಒದ್ದೆ ಮಣ್ಣು ಮೆತ್ತಿತ್ತು. "ಸೊಪ್ಪು ಸಾಲ್ದೆ ಬಂತು. ಹಿಂದಿನ ತೊರೆ ಹತ್ರ ಹೋಗಿ ಮಡಿಲು ತುಂಬ ಕಿತ್ಕೊಂಡು ಬಂದೆ. ತಿಂದೋರೆಲ್ಲ ಇನ್ನಷ್ಟು ಕೊಡಿ, ಇನ್ನಷ್ಟು ಕೊಡಿ ಅಂದ್ರು."

ಇನ್‌ಸುಕ್ ತಳ್ಳುಗಾಡಿಯನ್ನು ಅಲ್ಲೇ ಬಿಟ್ಟಳು. ಎಂಜಲು ತಟ್ಟೆಯೊಂದರಲ್ಲಿ ಉಳಿದಿದ್ದ ಎಲೆಗಳನ್ನು ಎತ್ತಿದಳು. ಒಂದು ನುಣುಪು. ಮತ್ತೊಂದರಲ್ಲಿ ನೆರಿಗೆ. ಅದರಾಚೆಯದರಲ್ಲೂ ನೆರಿಗೆ. ಹೊಸಕಿದಳು. ಬರೀ ಹುಲ್ಲು.

ಎರಡನೆಯ ಪಂಕ್ತಿಗೆ ಕೂತವರ ಮುಂದಿನ ಸೊಪ್ಪಿನ ತಟ್ಟೆಗಳನ್ನೆಲ್ಲ ಕಿತ್ತುಕೊಂಡು ಹಿತ್ತಲಿಗೆ ಎಸೆದಳು. "ಹುಳ ಬಿದ್ದಿದೆ, ಯಾರೂ ತಿನ್ಬೇಡಿ" ಎಂದಷ್ಟೇ ಬಾಯಿಗೆ ಬಂತು. ಅತ್ತೆ ದಿಗ್ಭ್ರಮೆಯಿಂದ ನೋಡುತ್ತಿರುವಂತೆಯೇ ಸೇತುವೆಯ ಕಡೆಗೆ ಓಡಿದಳು.

ಸೇತುವೆ ತುಂಬ ಜನ. ಕೆಳಗೆ, ನೋಡಿದರೆ ಆಯ ತಪ್ಪುವಷ್ಟು ಆಳದಲ್ಲಿ ಹೊಳೆ ಬಂಡೆಗಳಿಗೆ ಬಡಿಯುತ್ತಿತ್ತು. ಚುನ್‌ಸಿಕ್ ದ್ವಾರದಲ್ಲಿ ಧ್ವನಿವರ್ಧಕ ಹಿಡಿದು ನಿಂತಿದ್ದ. ಅವಳ ಮುಖ ನೋಡಿದ್ದೇ ಅವನಿಗೆ ಅರ್ಥವಾಯಿತು.

"ಎಷ್ಟು ಜನ ತಿಂದಿದಾರೆ?"

"ಮೊದಲ ಪಂಕ್ತಿ ಪೂರ್ತಿ. ಕರೀರಿ ಅವರನ್ನ, ವಾಪಸ್ ಕರೀರಿ."

"ಮೆಲ್ಲಗೆ ಮಾತಾಡೇ. ಟೀವಿಯೋರು ಇಲ್ಲೇ ಇದಾರೆ. ಗಾಳಿ ಜಾಸ್ತಿ ಅಂತ ಹೇಳಿ ಒಬ್ಬೊಬ್ಬರನ್ನೇ ಕರ್ಸೋಣ. ವಿಷ ಅಂದ್ರೆ ನಮ್ಮ ಕಥೆ ಮುಗೀತು."

ಅಷ್ಟರಲ್ಲಿ ಸೇತುವೆಯ ನಡುವೆ ಒಬ್ಬ ಹೆಂಗಸು ಕಂಬಿಗೆ ಬಾಗಿ ವಾಂತಿ ಮಾಡಿಕೊಂಡಳು. ಪಕ್ಕದಲ್ಲಿದ್ದ ತಾಕ್ ಅವಳ ಬೆನ್ನು ಸವರುತ್ತಾ, "ತೂಗೋದಕ್ಕೇ ಹೀಗಾದ್ರೆ ದಾಟೋದು ಹೆಂಗಮ್ಮ" ಎನ್ನುತ್ತ ನಗುತ್ತಿದ್ದ. ನಗುತ್ತಲೇ ಅವನೂ ಹಗ್ಗ ಹಿಡಿದ. ಕಣ್ಣು ಮುಚ್ಚಿಕೊಂಡ.

ಇನ್‌ಸುಕ್ ಗಂಡನ ಕೈಯಿಂದ ಧ್ವನಿವರ್ಧಕ ಕಿತ್ತುಕೊಂಡಳು. ಅವಳ ದನಿ ಕಣಿವೆಯ ಎರಡೂ ಬದಿಗೆ ಬಡಿದು ತಿರುಗಿ ಬಂತು.

"ಬುನಿ ಅಜ್ಜಿ ಮನೇಲಿ ಊಟ ಮಾಡಿದೋರು ಎಲ್ಲಿದೀರೋ ಅಲ್ಲೇ ಕೂತ್ಕೊಳ್ಳಿ. ಓಡ್ಬೇಡಿ. ನೀವು ತಿಂದ ಸೊಪ್ಪಲ್ಲಿ ವಿಷದ ಎಲೆ ಸೇರಿತ್ತು. ತಲೆ ತಿರುಗುತ್ತೆ. ಕೂತ್ಕೊಳ್ಳಿ, ನಾವು ಬಂದು ಕರ್ಕೊಂಡು ಹೋಗ್ತೀವಿ."

ಊಟ ಮಾಡದವರೆಲ್ಲ ಒಮ್ಮೆಗೇ ದಡಕ್ಕೆ ನುಗ್ಗಿದರು. ಸೇತುವೆ ಹಾವಿನಂತೆ ಹೊರಳಿತು. ಕೂತವರು ಕಂಬಿ ತಬ್ಬಿಕೊಂಡರು. ತಾಕ್ ಕೂರಲು ಹೋದವನು ಹಾಗೇ ಪಕ್ಕಕ್ಕೆ ಒರಗಿಬಿಟ್ಟ. ಅವನ ಒಂದು ತೋಳು ಹಲಗೆಯಂಚಿನಿಂದ ಕೆಳಗೆ ಜೋತಾಡತೊಡಗಿತು.

ಚುನ್‌ಸಿಕ್ ಓಡುವವರಿಗೆ ದಾರಿ ಬಿಟ್ಟು, ಸೇತುವೆಗೆ ಮೊಣಕಾಲೂರಿ ತೆವಳುತ್ತ ನಡುವಿಗೆ ಹೋದ. ಊರಿನ ಗಂಡಸರು ಕಂಬಳಿ ತಂದರು. ಒಬ್ಬೊಬ್ಬರನ್ನಾಗಿ ಕಂಬಳಿಯಲ್ಲಿ ಮಲಗಿಸಿ ಹೊತ್ತು ತಂದರು. ತಾಕ್‌ನನ್ನು ಇಳಿಸಿದಾಗ ಅವನ ತುಟಿ ನೀಲಿಗಟ್ಟಿತ್ತು. ಇನ್‌ಸುಕ್ ಅವನ ಮಣಿಕಟ್ಟು ಹಿಡಿದು ನೋಡಿದಳು. ನಾಡಿ ಒಮ್ಮೆ ಬಡಿದರೆ ಮತ್ತೊಮ್ಮೆ ಬಡಿಯಬೇಕೋ ಬೇಡವೋ ಎಂದು ಯೋಚಿಸುವಂತಿತ್ತು. ಜಿಲ್ಲಾ ಆಸ್ಪತ್ರೆಯ ಗಾಡಿಗಳು ಬಸ್ಸುಗಳ ಸಾಲನ್ನು ಸರಿಸಿಕೊಂಡು ಬಂದು, ತುಂಬಿಕೊಂಡು ಹೋದವು.

ಎಲ್ಲ ಹೋದಮೇಲೆ ಅವಳಿಗೆ ಅತ್ತೆಯ ನೆನಪಾಯಿತು.

ಬುನಿ ಅಜ್ಜಿ ಜಗುಲಿಯ ಮೇಲೆ ಒಬ್ಬಳೇ ಕೂತಿದ್ದಳು. ಎರಡನೆಯ ಪಂಕ್ತಿಯವರು ಎದ್ದು ಹೋಗಿದ್ದರು, ಸೇತುವೆಯ ಕೂಗು ಇಲ್ಲಿಯವರೆಗೆ ಕೇಳಿಸಿರಲಿಲ್ಲ. ಮುಂದೆ ಅನ್ನದ ಬಟ್ಟಲು. ಹಿತ್ತಲಿಗೆ ಎಸೆದಿದ್ದ ಸೊಪ್ಪನ್ನೆಲ್ಲ ಆಯ್ದು ತೊಳೆದು ತಟ್ಟೆಯಲ್ಲಿ ಜೋಡಿಸಿಕೊಂಡಿದ್ದಳು. ಒಂದು ಎಲೆಯನ್ನು ಹೊಸಕಿ, ಮೂಸಿ, ತಲೆಯಾಡಿಸಿ, ಅನ್ನ ಸುತ್ತಿ ಬಾಯಿಗಿಟ್ಟಳು. ತಟ್ಟೆ ಬಹುಪಾಲು ಖಾಲಿಯಾಗಿತ್ತು.

"ನನಗೆ ಸೊಪ್ಪು ಕಲಿಸೋಕೆ ಬರ್ತೀಯಾ? ಅಷ್ಟು ಜನರ ಮುಂದೆ? ಹುಳ ಅಂತೆ ಹುಳ. ತಗೋ, ನೀನೇ ನೋಡು ಎಷ್ಟು ಎಳೇದಿದೆ."

ಇನ್‌ಸುಕ್ ಅವಳ ಬಾಯಿಗೆ ಬೆರಳು ಹಾಕಿ ಕಕ್ಕಿಸಿದಳು. ಮುದುಕಿ ಕಚ್ಚಿದಳು, ಬೈದಳು, ಕೊನೆಗೆ ಬೈಯುವ ಶಕ್ತಿಯೂ ಇಲ್ಲದೆ ಸೊಸೆಯ ಮಡಿಲಲ್ಲಿ ಮಗುವಿನಂತೆ ಒರಗಿ ತಣ್ಣಗಾಗುತ್ತಾ ಹೋದಳು.

ಯಾರೂ ಸಾಯಲಿಲ್ಲ. ತಾಕ್ ಬಹಳ ದಿನ ಕಣ್ಣು ತೆರೆಯಲಿಲ್ಲ, ಆಮೇಲೆ ತೆರೆದ. ಮನೆಯ ಬಾಗಿಲಿಗೆ ಸರ್ಕಾರದವರು ಮೊಹರು ಹಾಕಿದರು. ಸೊಪ್ಪು ಕಿತ್ತವರು ಯಾರು ಎಂದು ಪೊಲೀಸರು ಕೇಳಿದಾಗ ಚುನ್‌ಸಿಕ್ ಬಾಯಿ ತೆರೆದ. ಇನ್‌ಸುಕ್ ಅವನಿಗಿಂತ ಮೊದಲು, "ನಾನು" ಎಂದಳು. ಅದು ಪೂರ್ತಿ ಸುಳ್ಳು ಎಂದು ಅವಳಿಗೆ ಅನ್ನಿಸಲಿಲ್ಲ.

ಆಸ್ಪತ್ರೆಯಲ್ಲಿ ಅತ್ತೆಗೆ ಎಚ್ಚರವಾದ ಮೇಲೆ ಪಕ್ಕದ ಹಾಸಿಗೆಯ ಹೆಂಗಸು ಮಾತಿಗೆಳೆದಳು. ಸೊಲ್‌ಗೋಲ್‌ನಲ್ಲಿ ಯಾರೋ ಊಟದ ಮನೆಯವರು ಗಿರಾಕಿಗಳಿಗೆ ಬಾಕ್‌ಸೆ ತಿನ್ನಿಸಿದರಂತೆ ಎಂದಳು.

ಬುನಿ ಅಜ್ಜಿ ದಿಂಬಿನಿಂದ ತಲೆ ಎತ್ತಿದಳು. "ನಮ್ಮೂರಲ್ಲೇನಾ? ಯಾರದು? ಮೂಗಿಲ್ವಾ ಅವಳಿಗೆ?"

"ನಾನೇ ಅತ್ತೆ" ಎಂದಳು ಇನ್‌ಸುಕ್.

ಮುದುಕಿ ಸೊಸೆಯ ಕೈಯನ್ನು ತನ್ನ ಒರಟು ಅಂಗೈಯಲ್ಲಿ ತೆಗೆದುಕೊಂಡು ಮೆಲ್ಲಗೆ ತಟ್ಟಿದಳು. "ಹೋಗ್ಲಿ ಬಿಡು. ಅಳ್ಬೇಡ. ಇನ್ಮೇಲೆ ನೀನು ಗುಡ್ಡದ ತಂಟೆಗೆ ಹೋಗ್ಬೇಡ. ನಾನೇ ಹೋಗ್ತೀನಿ. ಈ ಬಿಸಿಲಿಗೆ ಮ್ಯಂಗಿ ಬಲಿತುಬಿಡುತ್ತೆ, ನಾಳೆನೇ ಹೋಗ್ಬೇಕು." ಅವಳು ಆಗಲೇ ಕಾಲು ಕೆಳಗಿಳಿಸಿ ನೆಲ ತಡಕುತ್ತಿದ್ದಳು. "ನನ್ನ ಚಪ್ಪಲಿ ಎಲ್ಲಿಟ್ಟಿದೀಯೇ?"

"ಮನೇಲೇ ಬಿಟ್ಟು ಬಂದೆ, ಅತ್ತೆ" ಎಂದಳು ಇನ್‌ಸುಕ್. ಹೇಳುತ್ತಲೇ ಅತ್ತೆಯ ಚಪ್ಪಲಿಗಳನ್ನು ಕಾಲಿನಿಂದಲೇ ಮಂಚದ ಕೆಳಗೆ, ಗೋಡೆಯವರೆಗೂ ತಳ್ಳಿದಳು.