ಟೇಪಿನ ಇನ್ನೊಂದು ತುದಿ

ನನ್ನ ಗಂಡ ವರ್ಲಿನ್ ಮೂವತ್ತೊಂದು ವರ್ಷ ಕನ್ಸಾಸ್‌ನ ನಮ್ಮೂರ ಶಾಲೆಯಲ್ಲಿ ಹುಡುಗರಿಗೆ ವೆಲ್ಡಿಂಗ್ ಕಲಿಸಿದವನು. ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಪಾಠ: ಎರಡು ಇಂಚು ಬೆಸೆ, ನಿಲ್ಲಿಸು, ಆರಲು ಬಿಡು, ಆಮೇಲೆ ಎದುರು ಬದಿಗೆ ಹೋಗು. ಒಂದೇ ಸಮನೆ ಎಳೆದರೆ ಕಾವಿಗೆ ಕಬ್ಬಿಣ ಸೊಟ್ಟಗಾಗುತ್ತದೆ. ಕೇಳಿ ಕೇಳಿ ನನಗೂ ಅದು ಬಾಯಿಪಾಠವಾಗಿತ್ತು. ಹಾಗಾಗಿ ಗೊತ್ತಿರಲಿಲ್ಲ ಎನ್ನುವ ನೆಪ ನನಗಿಲ್ಲ.

ಅವನ ಬಲಗೈಗೆ ನಡುಕದ ಕಾಯಿಲೆ ಬಂದು ಎರಡು ವರ್ಷವಾಗಿತ್ತು. ಅವನಪ್ಪನ ಐವತ್ತೈದನೇ ಇಸವಿಯ ಟ್ರಕ್ಕು ಗ್ಯಾರೇಜಿನಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. ಕ್ಯಾಬಿನ್ ಒಂದು ಮೂಲೆಗೆ, ಅದನ್ನು ಹೊರುವ ಕಬ್ಬಿಣದ ಚೌಕಟ್ಟು, ಚಾಸಿ, ನಡುವೆ, ನನ್ನ ಕಾರು ಬೀದಿಗೆ.

"ಕೈ ಪೂರ್ತಿ ಹೋಗೋದ್ರೊಳಗೆ ಇದೊಂದು ಮುಗೀಬೇಕು, ನೇಡೀನ್. ಅಂಗಡಿಯಿಂದ ತಂದಿದ್ದು ಒಂದೂ ಬೇಡ. ಚಾಸಿಯ ಒಂದೊಂದು ತುಂಡೂ ನಾನೇ ಮಾಡಿರ್ಬೇಕು."

"ಆಗ್ಲಪ್ಪಾ. ಮೊದ್ಲು ಅಂಗಿ ಬಟನ್ ಹಾಕ್ಲಾ?"

"ಮುಟ್ಬೇಡ."

ಬಟನ್ ಹಾಕಿಕೊಳ್ಳಲು ಅವನಿಗೆ ಹತ್ತು ನಿಮಿಷ ಬೇಕಾಗುತ್ತಿತ್ತು. ನನಗೆ ತಾಳ್ಮೆ ಎಂಬುದು ಹುಟ್ಟಿನಿಂದಲೇ ಇಲ್ಲ. ಆದರೂ ಕಾಫಿ ಹಿಡಿದು ಕಿಟಕಿಯ ಕಡೆ ನೋಡುತ್ತ ಕೂರುತ್ತಿದ್ದೆ.

ಚಾಸಿಯ ಎರಡು ಉದ್ದ ತೊಲೆಗಳು ಒಂದು ಬದಿ ತೆರೆದುಕೊಂಡಿರುತ್ತವೆ. ರಟ್ಟಿನಲ್ಲಿ ಅಳತೆ ತೆಗೆದು, ಕಬ್ಬಿಣದ ಪಟ್ಟಿ ಕತ್ತರಿಸಿ, ಆ ಬದಿಯನ್ನು ಮುಚ್ಚಿ ಬೆಸೆಯಬೇಕು. ಅವನು ವೆಲ್ಡಿಂಗ್ ಹೆಲ್ಮೆಟ್ಟನ್ನು ಮುಖದ ಮೇಲೆ ಇಳಿಸಿದ. ಕೈ ಗಡಗಡ ನಡುಗುತ್ತಿತ್ತು. ವೆಲ್ಡಿಂಗ್ ಗನ್ನಿನ ತಂತಿಯನ್ನು ಹತ್ತು ಸಲ ತಾಗಿಸಿದ ಮೇಲೆ ಕಿಡಿ ಹತ್ತಿತು, ಹತ್ತಿದ ಕೂಡಲೇ ಕೈಯ ನಡುಕ ನಿಂತುಬಿಟ್ಟಿತು. ನಡುವೆ ನಿಲ್ಲಿಸಿದರೆ ಮತ್ತೆ ಹತ್ತು ಸಲ ತಾಗಿಸಬೇಕು, ಹತ್ತುತ್ತದೋ ಇಲ್ಲವೋ. ಅದಕ್ಕೇ ಅವನು ನಿಲ್ಲಿಸಲಿಲ್ಲ. ಶಾಲೆಯ ಹುಡುಗ ಹೀಗೆ ಮಾಡಿದ್ದರೆ ಕಿವಿ ಹಿಂಡುತ್ತಿದ್ದವನು ಈ ತುದಿಯಿಂದ ಆ ತುದಿಗೆ ಒಂದೇ ಸಮನೆ ಎಳೆದ.

ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಕೂಗಿ ನಿಲ್ಲಿಸಬೇಕಿತ್ತು. ಆದರೆ ಆ ಕೈ ಅಷ್ಟು ನೆಟ್ಟಗೆ ನಿಂತದ್ದನ್ನು ನೋಡಿ ಎರಡು ವರ್ಷವಾಗಿತ್ತು.

ಆರಿದ ಮೇಲೆ ಅಳತೆ. ಮುಂದಿನ ಎಡ ಮೂಲೆಯಿಂದ ಹಿಂದಿನ ಬಲ ಮೂಲೆಗೆ ಒಮ್ಮೆ, ಇನ್ನೆರಡು ಮೂಲೆಗಳ ನಡುವೆ ಒಮ್ಮೆ. ಎರಡೂ ಒಂದೇ ಇದ್ದರೆ ಚಾಸಿ ನೇರ. ಯಾವಾಗಲೂ ನಾನು ಟೇಪಿನ ಕೊಕ್ಕೆ ಹಿಡಿಯುವವಳು, ಅಂಕಿ ಓದುವವನು ಅವನು. ಆವತ್ತು ಅವನ ಕೈಯಲ್ಲಿ ಅಂಕಿ ಕುಣಿಯುತ್ತಿತ್ತು. ಓದುವ ತುದಿಯನ್ನು ನನಗೆ ಕೊಟ್ಟ.

ಮುಕ್ಕಾಲು ಇಂಚು ವ್ಯತ್ಯಾಸ.

"ಎಷ್ಟು?"

"ಎರಡೂ ಒಂದೇ."

"ಕೂದಲೆಳೆಯಷ್ಟೂ ಇಲ್ವಾ?"

"ಇಲ್ಲ ಅಂದ್ನಲ್ಲಾ! ನಡುಗೋದು ನಿನ್ನ ಕೈ, ನನ್ನ ಕಣ್ಣಲ್ಲ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಸುಳ್ಳು ಹೇಳಿದ್ದು ಆ ನಗುವಿಗಾಗಿಯೇ. ಆವತ್ತೇ ಹೇಳಿದ್ದರೆ ಪಟ್ಟಿಯನ್ನು ಕೊಯ್ದು ತೆಗೆದು ಮತ್ತೆ ಕೂರಿಸಬಹುದಿತ್ತು.

ಮೂರು ವಾರ ಅವನು ಬೆಸೆದ. ಇನ್ನೊಂದು ತೊಲೆ, ಹಿಂದಿನ ಅಡ್ಡಪಟ್ಟಿಗಳು, ಮೂಲೆಯ ತುಂಡುಗಳು. ಪಕ್ಕದ ಮನೆಯ ಡೆಲ್ಬರ್ಟ್ ಬೇಲಿಯಾಚೆಯಿಂದಲೇ ಛೇಡಿಸುತ್ತಿದ್ದ.

"ಏನ್ ಮೇಷ್ಟ್ರೇ, ಈ ಬಂಡಿ ಓಡೋ ಹೊತ್ತಿಗೆ ನಾನು ಬದುಕಿರ್ತೀನಾ?"

"ನಿನ್ನ ಹೆಣ ಇದ್ರಲ್ಲೇ ಸಾಗಿಸ್ತೀನಿ, ಚಿಂತೆ ಬಿಡು!"

ನಾನೂ ನಗುತ್ತಿದ್ದೆ. ನಾಳೆ ಹೇಳಿದರಾಯಿತು ಅಂದುಕೊಂಡು ಮಲಗುತ್ತಿದ್ದೆ. ನಾಳೆ ಬರುವಷ್ಟರಲ್ಲಿ ಇನ್ನೊಂದು ತುಂಡು ಸೇರಿರುತ್ತಿತ್ತು.

ಆ ಶನಿವಾರ ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿಯನ್ನು ಕೂರಿಸಲು ಹೊರಟ. ಕೈ ಇನ್ನೂ ಚೆನ್ನಾಗಿದ್ದಾಗ ಮಾಡಿಟ್ಟಿದ್ದು, ಅಚ್ಚುಕಟ್ಟಾದ ನಾಲ್ಕು ತೂತುಗಳಿದ್ದವು. ಎಡಗಡೆ ಎರಡು ಬೋಲ್ಟು ಹೋದವು. ಬಲಗಡೆಯ ತೂತುಗಳು ಒಂದು ಬೆರಳಗಲ ಆಚೆ ನಿಂತವು. ನೂಕಿದ. ಸುತ್ತಿಗೆಯಿಂದ ಎರಡು ಬಾರಿಸಿದ. ಆಮೇಲೆ ಬಕೆಟ್ ಬೋರಲು ಹಾಕಿ ಕೂತ. ಚಾಸಿಯನ್ನು ನೋಡಲಿಲ್ಲ, ನನ್ನನ್ನು ನೋಡಿದ.

"ಆವತ್ತು ಎಷ್ಟಿತ್ತು, ನೇಡೀನ್?"

"ಮುಕ್ಕಾಲು ಇಂಚು."

"ಆವತ್ತೇ?"

"ಆವತ್ತೇ."

ಅವನು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಅತ್ತುಬಿಡುತ್ತಿದ್ದೆ. ಅದರಲ್ಲಿ ಇಬ್ಬರೂ ಪಳಗಿದವರು.

"ಬೇರೆ ಚಾಸಿ ಸಿಗುತ್ತೆ ಕಣೋ. ಡೆಲ್ಬರ್ಟ್ ಹುಡುಕಿಕೊಡ್ತಾನೆ," ಎಂದೆ.

"ಚಾಸಿ ಸಿಗುತ್ತೆ. ಕೈ?"

ಎದ್ದು ವೆಲ್ಡಿಂಗ್ ಗ್ಯಾಸಿನ ಸಿಲಿಂಡರ್ ಬಂದ್ ಮಾಡಿದ. ತಿರುಗಣೆ ಕೈಗೆ ಸಿಗದೆ ಬಹಳ ಹೊತ್ತು ಹಿಡಿಯಿತು. ಸಹಾಯ ಮಾಡಲು ನನಗೆ ಧೈರ್ಯ ಬರಲಿಲ್ಲ.

ಮರುದಿನ ಚರ್ಚಿಗೆ ಹೊರಡುವಾಗ ಅಂಗಿ ತೊಟ್ಟು ನನ್ನೆದುರು ಬಂದು ನಿಂತ.

"ಹಾಕು," ಎಂದ.

ಏಳು ಬಟನ್. ಮೇಲಿನಿಂದ ಕೆಳಗೆ ಒಂದೊಂದಾಗಿ ಹಾಕಿದೆ.

"ಸರಿಯಾಗಿದ್ಯಾ?"

"ಸರಿಯಾಗಿದೆ."

ಅವನು ತಲೆಯಾಡಿಸಿದ. ಆಮೇಲೆ ಗೋಡೆ ಹಿಡಿದುಕೊಂಡು ಬಚ್ಚಲಮನೆಗೆ ನಡೆದು, ಕನ್ನಡಿಯ ಮುಂದೆ ನಿಂತು, ಏಳನ್ನೂ ತಾನೇ ನೋಡಿಕೊಂಡ.